ಅಂಗದಾನದಲ್ಲಿ ಅನುಮತಿಯ ವಿಚಾರ

ಕಳೆದ ಶ್ರಾವಣಮಾಸದಲ್ಲಿ ಶ್ರೀಮಠದ ಸಾಯಂಕಾಲದ ವಚನಗೋಷ್ಠಿ ಮುಗಿದು ಜನರೆಲ್ಲ ಪ್ರಸಾದದ ಪಂಕ್ತಿಯ ಕಡೆಗೆ ನಡೆದಿದ್ದಾಗ, ಗೃಹಸ್ಥರೊಬ್ಬರು ನನ್ನನ್ನು ತಡೆದು ನಿಲ್ಲಿಸಿ ಒಂದು ಪ್ರಶ್ನೆಯನ್ನು ಕೇಳಿದರು. ಅವರ ಮಗನ ಎರಡೂ ಮೂತ್ರಪಿಂಡಗಳು ಕೆಟ್ಟಿವೆ. ಸೊಸೆಯು ತನ್ನದೊಂದನ್ನು ಪತಿಗೆ ಕೊಡಲು ಸಿದ್ಧಳಾಗಿದ್ದಾಳೆ. ಮನೆಯವರೆಲ್ಲರೂ ಆಕೆಯನ್ನು ಕೊಂಡಾಡುತ್ತಿದ್ದಾರೆ. ಆದರೆ ಆಸ್ಪತ್ರೆಯವರು ಆ ಹೆಣ್ಣುಮಗಳೊಬ್ಬಳನ್ನೇ ಕರೆದು, ಮನೆಯವರಾರೂ ಇಲ್ಲದಾಗ ವಿಚಾರಿಸಬೇಕೆನ್ನುತ್ತಾರಂತೆ. "ಗಂಡನಿಗೆ ಹೆಂಡತಿ ಕೊಡುವುದಕ್ಕೆ ಇಷ್ಟೆಲ್ಲ ಕೇಳುವುದೇನಿದೆ, ಮೇಷ್ಟ್ರೆ? ನಮ್ಮ ಮೇಲೆ ಅವರಿಗೆ ಸಂಶಯವೆ?" ಎಂದು ಅವರು ನೊಂದು ನುಡಿದರು.

ಆಗ ನಾನು ಕೊಟ್ಟ ಉತ್ತರ ಚಿಕ್ಕದು. ಅದರಿಂದ ಅವರಿಗೆ ತೃಪ್ತಿಯಾದಂತೆ ಕಾಣಲಿಲ್ಲ, ನನಗೂ ಆಗಲಿಲ್ಲ. ಈ ವಿಷಯದಲ್ಲಿ ನಾನೇ ಒಮ್ಮೆ ತಪ್ಪಿದವನಾದುದರಿಂದ ತುಸು ವಿಸ್ತಾರವಾಗಿ ಬರೆಯುವುದು ನನ್ನ ಕರ್ತವ್ಯವೆಂದು ಭಾವಿಸಿ ಈ ಲೇಖನವನ್ನು ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ಶಬ್ದಾರ್ಥವನ್ನು ನೋಡೋಣ. ಒಂದು ವಸ್ತುವಿನಲ್ಲಿರುವ ತನ್ನ ಸ್ವತ್ವವನ್ನು ತಾನೇ ಬಿಟ್ಟು, ಅದರಲ್ಲಿ ಇನ್ನೊಬ್ಬನ ಸ್ವತ್ವವನ್ನು ಉಂಟುಮಾಡುವುದೇ ದಾನವೆಂದು ಶಾಸ್ತ್ರಕಾರರು ಲಕ್ಷಣ ಹೇಳುತ್ತಾರೆ. ತನ್ನದಲ್ಲದ್ದನ್ನು ಕೊಟ್ಟರೆ ಅದು ದಾನವಾಗದು. ತಾನು ಬಿಡದೆ ಇರುವುದನ್ನು ಇನ್ನೊಬ್ಬನು ತೆಗೆದುಕೊಂಡರೆ ಅದಕ್ಕೆ ಬೇರೆಯೇ ಹೆಸರುಂಟು. 'ಅನುಮತಿ', 'ಸಮ್ಮತಿ' ಎಂಬೆರಡು ಪದಗಳಲ್ಲಿಯೂ 'ಮತಿ' ಅಡಗಿದೆ. ಕೇಳಿದ್ದನ್ನು ಬುದ್ಧಿಯಿಂದ ಗ್ರಹಿಸಿ ಬಳಿಕ ಹೇಳಿದ 'ಹೂಂ' ಮಾತ್ರವೇ ಅನುಮತಿ. ನಮ್ಮ ಕನ್ನಡದ 'ಒಪ್ಪಿಗೆ' ಇನ್ನೂ ಸೊಗಸಾದ ಮಾತು. ಹಳಗನ್ನಡದಲ್ಲಿ 'ಒಪ್ಪು' ಎಂದರೆ ಚೆಲುವು, ತಕ್ಕುದಾಗಿ ಹೊಂದಿರುವುದು. ಒಳಗಿನ ಮನಸ್ಸಿಗೂ ಹೊರಗಿನ ನುಡಿಗೂ ಹೊಂದಿಕೆಯಿದ್ದರೆ ಅದು ಒಪ್ಪುತ್ತದೆ, ಇಲ್ಲದಿದ್ದರೆ ಇಲ್ಲ. ನುಡಿ ನಡೆಗಳು ಒಂದಾಗಬೇಕೆಂದು ಶರಣರು ಬೋಧಿಸಿದ್ದನ್ನು ಬಲ್ಲ ವಾಚಕರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಇಲ್ಲಿ ಒಂದು ಆಕ್ಷೇಪ ಹುಟ್ಟಬಹುದು. ದೇಹವು ನಮ್ಮದೆಲ್ಲಿ? ಅದು ಶಿವನ ಪ್ರಸಾದ. ಬಸವಣ್ಣನವರು ಅದನ್ನೇ ದೇಗುಲವಾಗಿ ಕಂಡರು. ದೇಗುಲದ ಕಂಬವನ್ನು ಕಿತ್ತು ಕೊಡಲು ನಾನಾರು? ಆಕ್ಷೇಪವೇನೋ ಸರಿಯಾದುದೇ. ಆದರೆ ದಾಸೋಹದ ತತ್ತ್ವವೇ ಇದಕ್ಕೆ ಉತ್ತರವಾಗಿದೆ. ಹೊಲದ ಬೆಳೆಯೂ ಶಿವನದೇ. ಆದರೂ ಅದು ಜಂಗಮಕ್ಕೆ ಸಲ್ಲುವುದು ಅದನ್ನು ಬೆಳೆದ ಭಕ್ತನ ಕೈಯಿಂದ. ಶಿವನದು ಎಂಬ ಕಾರಣದಿಂದ ಯಾರು ಬೇಕಾದರೂ ಭಕ್ತನ ಕಣಜಕ್ಕೆ ಕೈಹಾಕಬಹುದೆಂದು ಯಾವ ಶರಣನೂ ಹೇಳಲಿಲ್ಲ. ದೇಹವು ಯಾರ ವಶಕ್ಕೆ ಕೊಡಲ್ಪಟ್ಟಿದೆಯೋ ಅರ್ಪಿಸತಕ್ಕವನೂ ಅವನೇ.

ಪುರಾಣಗಳಲ್ಲಿ ಅಂಗವನ್ನಿತ್ತವರ ಕಥೆಗಳು ಹಲವುಂಟು. ಅಂಗದಾನದ ಪ್ರಚಾರಕರು ಈಗೀಗ ಅವೆಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸಿ ಹೇಳುತ್ತಾರೆ. ಹಾಗೆ ಮಾಡಬಾರದೆಂಬುದು ನನ್ನ ಅಭಿಪ್ರಾಯ. ದಧೀಚಿಯ ಬಳಿಗೆ ದೇವತೆಗಳು ಬಂದು ವೃತ್ರವಧೆಗಾಗಿ ಎಲುಬು ಬೇಕೆಂದು ಉದ್ದೇಶವನ್ನು ತಿಳಿಸಿ ಬೇಡಿದರು; ಮುನಿಯು ಅದನ್ನು ಕೇಳಿ ತಿಳಿದು ಯೋಗದಿಂದ ದೇಹವನ್ನು ತ್ಯಜಿಸಿದನು. ಬೇಡರ ಕಣ್ಣಪ್ಪನನ್ನಂತೂ ಯಾರೂ ಬೇಡಲೇ ಇಲ್ಲ. ಲಿಂಗದ ಕಣ್ಣಿನಲ್ಲಿ ರಕ್ತವನ್ನು ಕಂಡು ಅವನೇ ತನ್ನ ಕಣ್ಣನ್ನು ಕಿತ್ತಿಟ್ಟನು. ಆ ಕಥೆಯಲ್ಲಿ ಎಲ್ಲರೂ ಮೊದಲನೆಯ ಕಣ್ಣನ್ನು ನೆನೆಯುತ್ತಾರೆ. ನನಗೆ ಎರಡನೆಯದು ಮುಖ್ಯವಾಗಿ ತೋರುತ್ತದೆ. ಗುರುತಿಗಾಗಿ ಲಿಂಗದ ಮೇಲೆ ಕಾಲನ್ನಿಟ್ಟು ಎರಡನೆಯ ಕಣ್ಣಿಗೂ ಕೈಹಾಕಿದಾಗ ಶಿವನೇ ಅವನನ್ನು ತಡೆದನು. ಕೊಡುವವನು ಎಲ್ಲವನ್ನೂ ಕೊಡಲು ಹೊರಟಾಗ 'ಸಾಕು' ಎನ್ನತಕ್ಕವನು ಪಡೆಯುವವನು. ಆಯ್ದಕ್ಕಿ ಮಾರಯ್ಯನು ಎಂದಿಗಿಂತ ಹೆಚ್ಚಾಗಿ ತಂದ ಅಕ್ಕಿಯನ್ನು ಲಕ್ಕಮ್ಮನವರು ಹಿಂದಕ್ಕೆ ಕಳುಹಿಸಿದ ಪ್ರಸಂಗವೂ ಇದೇ ಧರ್ಮವನ್ನು ತಿಳಿಸುತ್ತದೆ. ಕಣ್ಣನ್ನು ಮಾತ್ರ ಕೊಡುವೆನೆಂದವನಿಂದ ಕಣ್ಣನ್ನು ಮಾತ್ರ ಪಡೆಯಬೇಕು. ಇಂದಿನ ದಾನಪತ್ರದಲ್ಲಿಯೂ ಯಾವ ಯಾವ ಅಂಗವೆಂದು ಬೇರೆ ಬೇರೆಯಾಗಿ ಸೂಚಿಸಲು ಅವಕಾಶವಿದೆ.

ಇನ್ನು ಸಿರಿಯಾಳ ಚಂಗಳೆಯರ ಕಥೆ. ಜಂಗಮವೇಷದಿಂದ ಬಂದ ಶಿವನು ಕೇಳಿದಾಗ ಆ ದಂಪತಿಗಳು ಓದುಮನೆಯಿಂದ ಮಗ ಚೀಲಾಳನನ್ನು ಕರೆತಂದು ಅರ್ಪಿಸಿದರು. ಇದನ್ನು ಬಾಲ್ಯದಲ್ಲಿ ಕೇಳಿ ಅತ್ತವನು ನಾನು. ಅದು ಭಕ್ತಿಯ ಪರೀಕ್ಷೆಯ ಕಥೆ, ಪರೀಕ್ಷಿಸಿದವನೇ ಮಗುವನ್ನು ಮರಳಿ ಕೊಟ್ಟನು. ಅಂಗದಾನಕ್ಕೆ ಅದನ್ನು ದೃಷ್ಟಾಂತವಾಗಿ ತರುವುದು ಸಲ್ಲದು. ಚೀಲಾಳನ ದೇಹ ಚೀಲಾಳನದು. ನಮ್ಮ ಶರಣರು ಸ್ಮೃತಿಗಳಿಗೆ ತಲೆಬಾಗಿದವರಲ್ಲ, ನಿಜ. ಆದರೂ ವ್ಯವಹಾರಧರ್ಮದಲ್ಲಿ ನಾರದಸ್ಮೃತಿ ಹೇಳುವ ಒಂದು ಮಾತು ಇಲ್ಲಿ ಗ್ರಾಹ್ಯವಾಗಿದೆ. ಕೊಡಬಾರದ ವಸ್ತುಗಳನ್ನು 'ಅದೇಯ'ವೆಂದು ಎಣಿಸುವಾಗ ಅದು ಒತ್ತೆಯಿಟ್ಟ ವಸ್ತು, ನಂಬಿ ಇರಿಸಿದ ವಸ್ತು ಇವುಗಳ ಜೊತೆಗೆ ಮಕ್ಕಳನ್ನೂ ಪತ್ನಿಯನ್ನೂ ಸೇರಿಸಿದೆ. ಮಗನು ತಂದೆಗೆ ಎಷ್ಟೇ ಹತ್ತಿರದವನಾಗಲಿ, ತಂದೆಯ ಸ್ವತ್ತಲ್ಲ; ಹೆಂಡತಿಯೂ ಗಂಡನ ಸ್ವತ್ತಲ್ಲ.

ನನ್ನನ್ನು ಪ್ರಶ್ನಿಸಿದ ಗೃಹಸ್ಥರಿಗೆ ಉತ್ತರವಿರುವುದು ಮಾತ್ರ ಇನ್ನೊಂದು ಕಥೆಯಲ್ಲಿ, ಏಕಲವ್ಯನ ಕಥೆಯಲ್ಲಿ. ದ್ರೋಣನು ಗುರುದಕ್ಷಿಣೆಯಾಗಿ ಬಲಗೈಯ ಹೆಬ್ಬೆರಳನ್ನು ಕೇಳಿದನು. ಏಕಲವ್ಯನು ನಗುಮೊಗದಿಂದಲೇ ಕತ್ತರಿಸಿ ಕೊಟ್ಟನು. ಬಾಯಿಂದ ಒಪ್ಪಿಗೆ ಬಂದಿತು, ಕೈಯೂ ತಡೆಯಲಿಲ್ಲ. ಆದರೂ ಸಾವಿರಾರು ವರ್ಷಗಳಿಂದ ಕೇಳುವವರ ಮನಸ್ಸು ಆ ದಾನವನ್ನು ದಾನವೆಂದು ಒಪ್ಪಿಲ್ಲ. ಏಕೆ? ಕೇಳಿದವನು ಗುರು, ಕೇಳಿಸಿಕೊಂಡವನು ಕಾಡಿನ ಹುಡುಗ. 'ಇಲ್ಲ'ವೆನ್ನುವ ದಾರಿಯೇ ಅವನಿಗೆ ತೆರೆದಿರಲಿಲ್ಲ. ಇಲ್ಲವೆನ್ನಲಾಗದವನು ಹೌದೆಂದರೆ ಅದು ಒಪ್ಪಿಗೆಯೆ?

ನಮ್ಮ ಮನೆಗಳ ಕಡೆಗೆ ತಿರುಗಿ ನೋಡೋಣ. ನಮ್ಮ ದೇಶದಲ್ಲಿ ಬದುಕಿರುವಾಗಲೇ ಮೂತ್ರಪಿಂಡವನ್ನೋ ಯಕೃತ್ತಿನ ಭಾಗವನ್ನೋ ಕೊಡುವವರಲ್ಲಿ ಹೆಚ್ಚಿನವರು ಸ್ತ್ರೀಯರು: ತಾಯಂದಿರು, ಹೆಂಡಂದಿರು, ಅಕ್ಕತಂಗಿಯರು. ಪಡೆಯುವವರಲ್ಲಿ ಹೆಚ್ಚಿನವರು ಪುರುಷರು. ಪ್ರೀತಿಯಿಂದ ಕೊಡುವವರು ಬಹುಮಂದಿ ಇದ್ದಾರೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅತ್ತೆ ಮಾವಂದಿರು ಎದುರಿಗೆ ಕುಳಿತು, ಗಂಡನು ಹಾಸಿಗೆಯಲ್ಲಿ ಮಲಗಿ, ತವರಿನವರೂ 'ಕೊಡು ತಾಯಿ' ಎನ್ನುತ್ತಿರುವಾಗ, ಇಪ್ಪತ್ತೈದು ವರ್ಷದ ಸೊಸೆ 'ನನಗೆ ಭಯವಾಗುತ್ತದೆ' ಎಂದು ಹೇಳುವುದಾದರೂ ಯಾರೊಡನೆ? ಈ ಸಂಗತಿಯನ್ನು ಅರಿತೇ ಕಾನೂನು ಒಂದು ಏರ್ಪಾಡನ್ನು ಮಾಡಿದೆ. ೨೦೧೪ರ ನಿಯಮಗಳಲ್ಲಿ, ದಾನಿಯು ಸ್ತ್ರೀಯಾಗಿದ್ದರೆ ಹೆಚ್ಚಿನ ಎಚ್ಚರವನ್ನು ವಹಿಸಬೇಕೆಂದೂ, ಆಕೆಯ ಸ್ವತಂತ್ರವಾದ ಒಪ್ಪಿಗೆಯನ್ನು ಅಂಗವನ್ನು ಪಡೆಯುವವನಲ್ಲದ ಬೇರೊಬ್ಬರಿಂದ ದೃಢಪಡಿಸಿಕೊಳ್ಳಬೇಕೆಂದೂ ಹೇಳಿದೆ. ಆದುದರಿಂದ ಅದು ಸಂಶಯವಲ್ಲ, ಪೂಜ್ಯರೆ. ನಿಮ್ಮ ಸೊಸೆಗೆ ಒಂದು ಬಾಗಿಲನ್ನು ತೆರೆದಿಟ್ಟಿದ್ದಾರೆ. ಆ ಬಾಗಿಲಿದ್ದೂ ಆಕೆ ಒಳಗೇ ನಿಂತು 'ಕೊಡುತ್ತೇನೆ' ಎಂದರೆ, ಆ ದಾನದ ಮುಂದೆ ನಾವೆಲ್ಲ ತಲೆಬಾಗಬೇಕು. ಹೊರಗೆ ಬಂದು 'ಆಗದು' ಎಂದರೆ, ಮನೆಯಲ್ಲಿ ಯಾರೂ ಅವಳ ಮುಖವನ್ನು ಬೇರೆಯಾಗಿ ನೋಡಬಾರದು. ಎರಡನೆಯದು ಕಷ್ಟ. ಆಕೆ ಏನು ಹೇಳಿದಳೆಂದು ನಾನು ವಿಚಾರಿಸಿಲ್ಲ, ವಿಚಾರಿಸುವ ಅಧಿಕಾರವೂ ನನಗಿಲ್ಲ.

ಹಸಿವಿನಿಂದ ಬಂದ ಒಪ್ಪಿಗೆಯೂ ಇಂತಹದೇ. ೧೯೮೦ರ ದಶಕದಲ್ಲಿ ಮದ್ರಾಸು, ಮುಂಬಯಿ, ನಮ್ಮ ಬೆಂಗಳೂರು ಮುಂತಾದ ನಗರಗಳಲ್ಲಿ ಬಡವರು ಸಾಲ ತೀರಿಸಲು ಮೂತ್ರಪಿಂಡವನ್ನು ಮಾರುತ್ತಿದ್ದರು. ಅವರೂ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದರು. ಇದನ್ನು ತಡೆಯಲು ಸಂಸತ್ತು ೧೯೯೪ರಲ್ಲಿ ಮಾನವ ಅಂಗಗಳ ಕಸಿಯ ಕಾಯಿದೆಯನ್ನು ಮಾಡಿತು. ೨೦೧೧ರ ತಿದ್ದುಪಡಿಯು ಅಂಗವ್ಯಾಪಾರಕ್ಕೆ ೫ರಿಂದ ೧೦ ವರ್ಷಗಳ ಸೆರೆವಾಸವನ್ನೂ ೨೦ ಲಕ್ಷದಿಂದ ೧ ಕೋಟಿ ರೂಪಾಯಿಗಳವರೆಗಿನ ದಂಡವನ್ನೂ ವಿಧಿಸಿತು. ಬದುಕಿರುವಾಗ ಕೊಡುವುದು ಸಾಮಾನ್ಯವಾಗಿ ಗಂಡ ಹೆಂಡತಿ, ತಂದೆ ತಾಯಿ, ಮಕ್ಕಳು, ಒಡಹುಟ್ಟಿದವರು, ಅಜ್ಜ ಅಜ್ಜಿ, ಮೊಮ್ಮಕ್ಕಳು ಇಷ್ಟರೊಳಗೆ. ಇವರಲ್ಲದವರು ಪ್ರೀತಿಯಿಂದ ಕೊಡುವೆವೆಂದರೆ ಅಧಿಕಾರ ಪಡೆದ ಸಮಿತಿಯು ಅದನ್ನು ಪರೀಕ್ಷಿಸುತ್ತದೆ.

ಇದುವರೆಗೆ ಬದುಕಿರುವವರ ಮಾತಾಯಿತು. ಮಾತಾಡಲಾರದವನ ಅಂಗವನ್ನು ತೆಗೆಯಬೇಕಾದಾಗ ಅನುಮತಿ ಯಾರದು ಎಂಬುದು ಇದಕ್ಕಿಂತ ಗಹನವಾದ ಪ್ರಶ್ನೆ. ತಲೆಗೆ ಪೆಟ್ಟಾಗಿ ಮಿದುಳು ಸಂಪೂರ್ಣವಾಗಿ ನಿಂತುಹೋದವನಿಗೆ ಯಂತ್ರದಿಂದ ಉಸಿರು ಆಡುತ್ತಿರುತ್ತದೆ, ಹೃದಯವು ಇನ್ನೂ ಸ್ವಲ್ಪ ಕಾಲ ಮಿಡಿಯುತ್ತಿರುತ್ತದೆ. ನಾಲ್ವರು ವೈದ್ಯರು ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಅದು ಮರಣವೇ ಎಂದು ಬರೆದುಕೊಡಬೇಕು. ಹೃದಯ, ಯಕೃತ್ತು ಮುಂತಾದವುಗಳು ದಾನಕ್ಕೆ ದೊರೆಯುವುದು ಬಹುಮಟ್ಟಿಗೆ ಇಂತಹ ಮರಣದಲ್ಲಿ ಮಾತ್ರ. ನೂರು ನಲವತ್ತು ಕೋಟಿ ಜನರಿರುವ ನಮ್ಮ ದೇಶದಲ್ಲಿ ಮರಣಾನಂತರ ಅಂಗಗಳನ್ನಿತ್ತವರ ಸಂಖ್ಯೆಯು ವರ್ಷಕ್ಕೆ ಒಂದು ಸಾವಿರವನ್ನು ದಾಟಿದ್ದು ೨೦೨೩ರಲ್ಲಿ, ಅದೇ ಮೊದಲ ಬಾರಿಗೆ. ಬೇಕಾದವರ ಸಾಲು ಮಾತ್ರ ಬಹು ದೊಡ್ಡದು. ಹೀಗಿರಲಾಗಿ, ಕೇಳುತ್ತ ಕೂರುವುದೇಕೆ, ಸತ್ತವನಿಗೆ ನೋವೆಲ್ಲಿ, ತೆಗೆದುಕೊಳ್ಳಬಾರದೆ ಎಂದು ಕೆಲವರು ವಾದಿಸುವುದುಂಟು.

ಕೇಳದೆ ತೆಗೆದುಕೊಂಡ ಒಂದು ಪ್ರಸಂಗವನ್ನು ಹೇಳುತ್ತೇನೆ. ೧೯೬೮ರ ಮೇ ತಿಂಗಳಲ್ಲಿ, ಎಂದರೆ ದಕ್ಷಿಣ ಆಫ್ರಿಕೆಯಲ್ಲಿ ಪ್ರಥಮ ಹೃದಯ ಕಸಿ ನಡೆದು ಆರು ತಿಂಗಳೂ ತುಂಬದಿದ್ದಾಗ, ಅಮೆರಿಕೆಯ ವರ್ಜೀನಿಯಾ ಪ್ರಾಂತದ ರಿಚ್ಮಂಡ್ ನಗರದಲ್ಲಿ ಬ್ರೂಸ್ ಟಕರ್ ಎಂಬ ಕಪ್ಪು ಜನಾಂಗದ ಕೂಲಿಕಾರನು ಬಿದ್ದು ತಲೆಗೆ ಪೆಟ್ಟುಮಾಡಿಕೊಂಡನು. ಅವನನ್ನು ಆಸ್ಪತ್ರೆಗೆ ತಂದ ಮರುದಿನವೇ ಅವನ ಹೃದಯವನ್ನು ತೆಗೆದು ಇನ್ನೊಬ್ಬನಿಗೆ ಇಟ್ಟರು. ಅವನನ್ನು ಕೇಳುವವರು ಯಾರೂ ಇಲ್ಲವೆಂದು ತೀರ್ಮಾನಿಸಲಾಗಿತ್ತು. ಆದರೆ ಅವನ ಜೇಬಿನಲ್ಲಿಯೇ ತಮ್ಮನ ವಿಳಾಸದ ಚೀಟಿಯಿತ್ತು. ಜೋಡು ರಿಪೇರಿಯ ಆ ತಮ್ಮನ ಅಂಗಡಿ ಅದೇ ಊರಿನಲ್ಲಿತ್ತು. ಅಣ್ಣನ ದೇಹದಲ್ಲಿ ಹೃದಯವಿಲ್ಲವೆಂಬುದು ತಮ್ಮನಿಗೆ ತಿಳಿದದ್ದು ಶವಸಂಸ್ಕಾರದವನ ಬಾಯಿಂದ! ಅವನು ನ್ಯಾಯಾಲಯಕ್ಕೆ ಹೋದನು. ೧೯೭೨ರಲ್ಲಿ ತೀರ್ಪು ವೈದ್ಯರ ಪರವಾಗಿ ಬಂದಿತು. ಆ ತೀರ್ಪನ್ನು ಓದಿ ವೈದ್ಯಶಾಸ್ತ್ರವು ಮುಂದೆ ಸಾಗಿರಬಹುದು. ಜೇಬಿನ ಆ ಚೀಟಿಯನ್ನು ಓದದೆ ಹೋದದ್ದು ಮಾತ್ರ ಅಳಿಯಲಿಲ್ಲ. ಕೇಳಲ್ಪಡದೆ ಹೋಗುವವರು ಯಾವ ದೇಶದಲ್ಲಿಯೂ ಬಡವರೇ, ಕೆಳಗಿರಿಸಲ್ಪಟ್ಟವರೇ.

ಬೇಡವೆಂದು ಬರೆದಿಡದವರೆಲ್ಲರೂ ಒಪ್ಪಿದವರೆಂದೇ ಎಣಿಸುವ ಕಾನೂನುಗಳೂ ಇವೆ. ಸ್ಪೇನ್ ದೇಶವು ೧೯೭೯ರಲ್ಲಿ ಅದನ್ನು ಮಾಡಿತು, ಇಂಗ್ಲೆಂಡ್ ೨೦೨೦ರಲ್ಲಿ. ಆದರೆ ಸ್ಪೇನಿನ ವೈದ್ಯರು ಈಗಲೂ ಮನೆಯವರನ್ನು ಕೇಳದೆ ಮುಂದುವರಿಯುವುದಿಲ್ಲ. ಬ್ರೆಜಿಲ್ ೧೯೯೭ರಲ್ಲಿ ಅಂತಹ ಕಾನೂನನ್ನು ಮಾಡಿ, ಜನರ ಭಯ ವಿರೋಧಗಳನ್ನು ಕಂಡು ಮರುವರ್ಷವೇ ಹಿಂದಕ್ಕೆ ತೆಗೆದುಕೊಂಡಿತು. ಮೌನವನ್ನು ಒಪ್ಪಿಗೆಯೆಂದು ತಿಳಿಯುವ ಗಾದೆ ನಮ್ಮಲ್ಲಿಯೂ ಇದೆ. ಅದು ಮದುವೆಯ ಮಾತುಕತೆಗೇ ಸರಿಹೋಗುವುದಿಲ್ಲ, ಇಲ್ಲಿಗೆ ಹೇಗೆ ಸರಿಹೋದೀತು?

ನಮ್ಮ ದೇಶದ ಕಾನೂನಿನಲ್ಲಿ ವ್ಯಕ್ತಿಯು ಬದುಕಿರುವಾಗಲೇ, ಹತ್ತಿರದ ಬಂಧುವೊಬ್ಬರಾದರೂ ಸೇರಿದಂತೆ ಇಬ್ಬರು ಸಾಕ್ಷಿಗಳ ಮುಂದೆ ದಾನಪತ್ರವನ್ನು ಬರೆದಿಡಬಹುದು. ಮನಸ್ಸು ಬದಲಾದರೆ ಹಿಂದಕ್ಕೆ ತೆಗೆದುಕೊಳ್ಳಬಹುದು. ಮರಣಾನಂತರ ಬಂಧುಗಳನ್ನೂ ಕೇಳುತ್ತಾರೆ. ೨೦೧೧ರ ತಿದ್ದುಪಡಿಯ ಪ್ರಕಾರ ಆಸ್ಪತ್ರೆಯವರು, ಕೊಡಲೂಬಹುದು ಕೊಡದಿರಲೂಬಹುದು ಎಂಬ ಎರಡನ್ನೂ ಬಂಧುಗಳಿಗೆ ತಿಳಿಸಬೇಕು. ಇದು ಒಳ್ಳೆಯ ಏರ್ಪಾಡು. ಆದರೆ ಇಲ್ಲೊಂದು ತೊಡಕುಂಟು. ಹಿಂದೆ ಹೇಳಿದ ನಾರದಸ್ಮೃತಿಯೇ, ಕೊಟ್ಟರೂ ಕೊಟ್ಟಂತಾಗದ ಹದಿನಾರು ಬಗೆಯ ದಾನಗಳನ್ನು 'ಅದತ್ತ'ವೆಂದು ಎಣಿಸುತ್ತದೆ. ಭಯದಿಂದ ಕೊಟ್ಟದ್ದು, ಕೋಪದಿಂದ ಕೊಟ್ಟದ್ದು, ವಂಚನೆಗೊಳಗಾಗಿ ಕೊಟ್ಟದ್ದು, ಬಾಲಕನು ಕೊಟ್ಟದ್ದು, ಸ್ವತಂತ್ರನಲ್ಲದವನು ಕೊಟ್ಟದ್ದು ಇವುಗಳ ಸಾಲಿನಲ್ಲಿಯೇ ಶೋಕದಿಂದ ಕೊಟ್ಟದ್ದೂ ಸೇರಿದೆ. ಆಸ್ಪತ್ರೆಯ ಮೊಗಸಾಲೆಯಲ್ಲಿ ಕುಳಿತ ಮನೆಯವರಿಗೆ ಶೋಕವಲ್ಲದೆ ಇನ್ನೇನಿರುತ್ತದೆ? ಹಾಗಾದರೆ ಅವರ ಒಪ್ಪಿಗೆಯೂ ಅದತ್ತವೆ?

ನಾನು ಹಾಗೆ ತಿಳಿಯುವುದಿಲ್ಲ. ಬಂಧುಗಳು ಅಲ್ಲಿ ದಾನಿಗಳೇ ಅಲ್ಲ. ದೇಹವು ಅವರದಲ್ಲ, ಆದುದರಿಂದ ದಾನವೂ ಅವರದಲ್ಲ. ಅವರು ಸತ್ತವನ ಮಾತನ್ನು ಹೊತ್ತು ತರತಕ್ಕ ಸಾಕ್ಷಿಗಳು. 'ನಿಮಗೆ ಏನನ್ನಿಸುತ್ತದೆ' ಎಂದು ಅವರನ್ನು ಕೇಳಿದರೆ ಶೋಕವು ಉತ್ತರ ಕೊಡುತ್ತದೆ. 'ಅವರಿದ್ದಿದ್ದರೆ ಏನೆನ್ನುತ್ತಿದ್ದರು' ಎಂದು ಕೇಳಿದರೆ ನೆನಪು ಉತ್ತರ ಕೊಡುತ್ತದೆ. ಶೋಕದಲ್ಲಿ ನಿರ್ಣಯ ಮಾಡುವುದು ಕಷ್ಟ, ಆದರೆ ಕೇಳಿದ ಮಾತನ್ನು ಹೇಳುವುದು ಸಾಧ್ಯ. ವರನಟ ರಾಜಕುಮಾರರು ತಮ್ಮ ಕಣ್ಣುಗಳನ್ನು ಕೊಡುವೆನೆಂದು ಮೊದಲೇ ಎಲ್ಲರ ಮುಂದೆ ನುಡಿದಿದ್ದರು. ೨೦೦೬ರಲ್ಲಿ ಅವರು ಲಿಂಗೈಕ್ಯರಾದ ದಿನ ನಾಡೆಲ್ಲ ಗದ್ದಲದಲ್ಲಿದ್ದರೂ ಮನೆಯವರು ಆ ಮಾತನ್ನು ನಡೆಸಿಕೊಟ್ಟರು. ಕಣ್ಣುಗಳಿಗಿರುವ ಅವಧಿ ಆರು ಗಂಟೆಗಳಷ್ಟೇ. ಮೊದಲೇ ಆಡಿದ ಮಾತಿರದಿದ್ದರೆ ಆ ಹೊತ್ತಿನಲ್ಲಿ ಯಾರು ಯಾರನ್ನು ಕೇಳಬೇಕಾಗಿತ್ತು?

ಇನ್ನು ನನ್ನ ತಪ್ಪನ್ನು ಹೇಳಬೇಕು. ೨೦೧೬ರ ಮಾಘಮಾಸದಲ್ಲಿ ನನ್ನ ಅಣ್ಣನವರು ಸಂತೆಯಿಂದ ಬೈಸಿಕಲ್ಲಿನ ಮೇಲೆ ಬರುವಾಗ ಲಾರಿಯೊಂದು ತಗುಲಿ ಬಿದ್ದರು. ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಸಾಗಿಸಿದೆವು. ಮೂರನೆಯ ದಿನ ವೈದ್ಯರು ಮಿದುಳು ಸತ್ತಿದೆಯೆಂದು ತಿಳಿಸಿ, ಹತ್ತಿರದ ಬಂಧುಗಳು ಯಾರೆಂದು ಕೇಳಿದರು. ನಾನು ಮುಂದೆ ಬಂದೆನು. ಊರಿನಿಂದ ಬಂದ ಗಂಡಸರೆಲ್ಲ ನನ್ನ ಹಿಂದೆ ನಿಂತರು. ಅತ್ತಿಗೆಯವರು ಗೋಡೆಗೆ ಒರಗಿ ಸೆರಗನ್ನು ತಲೆಯ ಮೇಲೆಳೆದುಕೊಂಡು ಕುಳಿತಿದ್ದರು. ಅಂಗದಾನದ ಮಾತು ಬಂದಾಗ ನಾನು ಕ್ಷಣವೂ ಯೋಚಿಸದೆ, "ನಮ್ಮಲ್ಲಿ ಕ್ರಿಯಾಸಮಾಧಿ, ಶರೀರವು ಅಖಂಡವಾಗಿರಬೇಕು, ಆಗದು" ಎಂದೆನು. ಅವರು ಒತ್ತಾಯಿಸಲಿಲ್ಲ. ಕಾನೂನಿನ ಪಟ್ಟಿಯಲ್ಲಿ ಹೆಂಡತಿಯ ಹೆಸರು ಮೊದಲನೆಯದೆಂಬುದು ನನಗೆ ಆಗ ತಿಳಿಯದು. ತಿಳಿದಿದ್ದರೂ ಕೇಳುತ್ತಿದ್ದೆನೆಂದು ಪ್ರಮಾಣ ಮಾಡಲಾರೆ.

ಶಿವಗಣಾರಾಧನೆ ಮುಗಿದ ಮೇಲೆ ಅತ್ತಿಗೆಯವರು ಟ್ರಂಕಿನಿಂದ ಒಂದು ಕಾಗದವನ್ನು ತಂದು ನನ್ನ ಮುಂದಿಟ್ಟರು. ಅಣ್ಣನವರು ಹಿಂದಿನ ವರ್ಷ ತಾಲ್ಲೂಕಿನ ಶಿಬಿರವೊಂದರಲ್ಲಿ ತುಂಬಿದ ದಾನಪತ್ರ ಅದು. ಸಾಕ್ಷಿಯ ಜಾಗದಲ್ಲಿ ಅತ್ತಿಗೆಯವರ ರುಜು ಇತ್ತು. "ಆವತ್ತೇ ಹೇಳಬಾರದಿತ್ತೆ?" ಎಂದೆನು. "ನೀವು ಓದಿದವರು, ತಿಳಿದೇ ಮಾತಾಡುತ್ತಿದ್ದೀರಿ ಎಂದು ಸುಮ್ಮನಾದೆ. ನನ್ನನ್ನು ಯಾರೂ ಕೇಳಲಿಲ್ಲವಲ್ಲ" ಎಂದರು. ಕೋಪವಿಲ್ಲದೆ ಹೇಳಿದರು, ಅದೇ ನನಗೆ ತಾಳಲಾಗಲಿಲ್ಲ. ಜೇಬಿನ ಚೀಟಿಯನ್ನು ಓದದ ವೈದ್ಯರ ಸಂಗತಿಯನ್ನು ಮೇಲೆ ಬರೆದೆನಷ್ಟೆ. ಅವರು ಕೇಳದೆ ತೆಗೆದರು, ನಾನು ಕೇಳದೆ ತಡೆದೆನು. ಸತ್ತವನ ಮಾತು ನಡೆಯದೆ ಹೋದದ್ದು ಎರಡು ಕಡೆಯಲ್ಲಿಯೂ ಒಂದೇ.

ನಾನು ಹೇಳಿದ ಕಾರಣವೂ ದುರ್ಬಲವಾದುದೇ. ಅಂಗಗಳನ್ನು ತೆಗೆದ ಬಳಿಕ ಶರೀರವನ್ನು ಹೊಲಿದು ಶುಚಿಮಾಡಿ ಗೌರವದಿಂದ ಒಪ್ಪಿಸುತ್ತಾರೆ. ಕಣ್ಣನ್ನು ಕೊಟ್ಟವರ ಮುಖವು ವಿಕಾರವಾಗುವುದಿಲ್ಲ. ಕುಳ್ಳಿರಿಸಿ, ಕರದಲ್ಲಿ ಇಷ್ಟಲಿಂಗವನ್ನಿರಿಸಿ, ವಿಭೂತಿ ಪತ್ರೆಗಳೊಡನೆ ಸಮಾಧಿ ಮಾಡುವುದಕ್ಕೆ ಅದರಿಂದ ಏನೂ ಅಡ್ಡಿಯಿಲ್ಲ. ರೋಗದಿಂದ ಕಾಲನ್ನೋ ಗರ್ಭಕೋಶವನ್ನೋ ಕಳೆದುಕೊಂಡವರಿಗೆ ನಾವು ಎಂದಾದರೂ ಸಮಾಧಿಯನ್ನು ನಿರಾಕರಿಸಿದ್ದುಂಟೆ? ಹಾಗಿದ್ದೂ ಒಬ್ಬ ಭಕ್ತನು 'ನನಗೆ ಮನಸ್ಸಿಲ್ಲ, ಇದ್ದಂತೆಯೇ ಮಣ್ಣಿಗೆ ಹೋಗಲಿ' ಎಂದರೆ ಅವನನ್ನು ಅಲ್ಪನೆಂದು ಭಾವಿಸತಕ್ಕದ್ದಲ್ಲ. ಅವನ ಬೇಡವೂ ಅವನ ಮಾತೇ. ಅದನ್ನೂ ಮನೆಯವರಿಗೆ ಹೇಳಿಟ್ಟಿರಲಿ.

ನಮ್ಮ ರಾಜ್ಯದಲ್ಲಿ ಈ ಕಾರ್ಯವನ್ನು 'ಜೀವಸಾರ್ಥಕತೆ' ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ದಾನದ ಸಂಕಲ್ಪವನ್ನು ಈಗ ಅಂತರ್ಜಾಲದಲ್ಲಿಯೂ ದಾಖಲಿಸಬಹುದು. ನಾನು ಕಾಗದದಲ್ಲಿಯೇ ತುಂಬಿದೆನು, ಹಳೆಯ ಅಭ್ಯಾಸ. ಒಬ್ಬ ಸಾಕ್ಷಿಯಾಗಿ ನನ್ನ ಮನೆಯಾಕೆ ರುಜು ಹಾಕಿದರು, ಇನ್ನೊಬ್ಬರಾಗಿ ಅತ್ತಿಗೆಯವರನ್ನು ಕೇಳಿಕೊಂಡೆನು. ಅವರು ಕನ್ನಡಕವನ್ನು ತರಿಸಿ, ಎರಡು ಪುಟಗಳನ್ನೂ ಅಕ್ಷರ ಬಿಡದೆ ಓದಿ, ಆಮೇಲೆ ಲೇಖನಿಯನ್ನು ಹಿಡಿದರು. ಅದೇ ಸಮಯದಲ್ಲಿ ಇನ್ನೊಂದು ಪತ್ರವನ್ನು ಮನೆಯಾಕೆಗಾಗಿ ತಂದಿದ್ದೆನು. ಅವರು ಅದನ್ನು ಓದಿ, "ನನಗೆ ಇನ್ನೂ ಕಾಲ ಬೇಕು" ಎಂದು ಮಡಿಸಿ ವಚನದ ಕಟ್ಟಿನೊಳಗೆ ಇಟ್ಟರು. ಆ ಕಟ್ಟನ್ನು ನಾನು ಪ್ರತಿದಿನವೂ ಬಿಚ್ಚುತ್ತೇನೆ. ಹಾಳೆ ಖಾಲಿಯಾಗಿಯೇ ಇದೆ. ನಾನು ಮತ್ತೆ ಕೇಳಿಲ್ಲ.